ಆ ಬಿಳಿ ಕಾರಿನೊಳಗೆ ನೀರು ಬಂದದ್ದೆಲ್ಲಿಂದ?

"ತಗೊಳ್ಳಿ! ನಿಮ್ಮ ನೇತ್ರಾವತಿ ಹೊಳೆಯನ್ನು ನೀವೇ ಇಟ್ಟುಕೊಳ್ಳಿ!"

ಒದ್ದೆ ಮ್ಯಾಟೊಂದು ಹೋಟೆಲಿನ ಕ್ಯಾಶ್ ಮೇಜಿನ ಮೇಲೆ ಪಚಕ್ಕನೆ ಬಂದು ಬಿತ್ತು. ಅದರಿಂದ ಇಳಿದ ಕೊಳಕು ನೀರು ಮೇಜಿನ ಅಂಚಿನಿಂದ ತೊಟ್ಟಿಕ್ಕತೊಡಗಿತು.

ಪಾಣೆಮಂಗಳೂರಿನ ಹಳೆ ಪೇಟೆಯ ಆ ಸಣ್ಣ ಹೋಟೆಲಿನಲ್ಲಿ ಅದು ಸಂಜೆಯ ಗೋಳಿಬಜೆಯ ಹೊತ್ತು. ಬೆಂಚು ತುಂಬ ಜನ. ಚಾ ಲೋಟವನ್ನು ಬಾಯಿಯ ಹತ್ತಿರ ಒಯ್ದವರು ಹಾಗೆಯೇ ಹಿಡಿದುಕೊಂಡು ಕೂತರು. ಬಾಣಲೆಯ ಮುಂದೆ ಇದ್ದ ಮನ್ವಿತ್ ತಿರುಗಿ ನೋಡಿದ.

ಬಾಗಿಲಲ್ಲಿ ಮೋಕ್ಷಿತಾ!

ಕಾರು ಮಾರಿದ ದಿನದಿಂದ ಮತ್ತೊಮ್ಮೆ ನೋಡಬೇಕು ಎಂದು ಅವನು ಆಸೆಪಟ್ಟಿದ್ದ ಮುಖ ಅದು. ಆದರೆ ಹೀಗೆ ಅಲ್ಲ... ಮೂಗಿನ ತುದಿ ಕೆಂಪಾಗಿ, ಕೈಯೆಲ್ಲ ಕೆಸರಾಗಿ, ಕಣ್ಣಲ್ಲಿ ಬೆಂಕಿ ತುಂಬಿಕೊಂಡು ಅಲ್ಲ.

"ಎಂತಾಯ್ತು ಮೇಡಂ?" ಅವನ ಸ್ವರ ಸಣ್ಣಗಾಯಿತು.

"ಎಂತಾಯ್ತಾ? ನೀವು ಕೊಟ್ಟ ಕಾರಿನೊಳಗೆ ಕಾಲಿಟ್ಟರೆ ಪಾದ ಮುಳುಗ್ತದೆ! ನಾನು ಮದುಮಗಳ ಸೀರೆ ಒಯ್ಯುವವಳು. ನಿನ್ನೆ ಒಂದು ಪೆಟ್ಟಿಗೆಯ ಅಡಿ ಪೂರ್ತಿ ಒದ್ದೆ. ಪುಣ್ಯಕ್ಕೆ ಮೇಲಿನ ಸೀರೆಗಳಿಗೆ ತಾಗಲಿಲ್ಲ. ಕಾರು ನೆರೆಯಲ್ಲಿ ಮುಳುಗಿದ್ದು ಅಲ್ವಾ? ಹೇಳಿ!"

"ಮುಳುಗಲಿಲ್ಲ."

"ಹಾಗಾದ್ರೆ ಈ ವಾಸನೆ? ಸೀಟಿನ ಅಡಿಯಲ್ಲಿ ಬಿಳಿ ಬಿಳಿ ಕೂದಲು ಸಿಕ್ಕಿದೆ. ಅದು ಎಂತದ್ದು?"

ಮನ್ವಿತ್ ಬಾಯಿ ತೆರೆದ. ತುಂಬಿದ ಬೆಂಚುಗಳನ್ನೊಮ್ಮೆ ನೋಡಿದ. ಮತ್ತೆ ಬಾಯಿ ಮುಚ್ಚಿದ.

ಹಾಲು ಕೊಡಲು ಬಂದಿದ್ದ ನೆರೆಮನೆಯ ಜುಲೈಕಾಕ್ಕ ಕ್ಯಾನು ಕೆಳಗಿಟ್ಟು ಮುಂದೆ ಬಂದರು. "ಮಗಳೇ, ಅದು ಎಂತ ಗೊತ್ತುಂಟಾ, ಆ ನೆರೆಯ ದಿನ ಆ ಕಾರಿನಲ್ಲಿ..."

"ಜುಲೈಕಾಕ್ಕ!" ಮನ್ವಿತ್ ಥಟ್ಟನೆ ತಡೆದ. ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದ.

ಮೋಕ್ಷಿತಾ ಆ ಸನ್ನೆಯನ್ನು ನೋಡಿದಳು. 

'ಅಂದರೆ ನಿಜವೇ... ಇವನು ಮುಚ್ಚಿಡುತ್ತಿದ್ದಾನೆ...'

"ನಾಳೆ ಮಧ್ಯಾಹ್ನ ಹೋಟೆಲಿಗೆ ಬೀಗ ಹಾಕಿ ನಿಮ್ಮ ಮನೆಗೆ ಬರ್ತೇನೆ," ಮನ್ವಿತ್ ಹೇಳಿದ. "ನೀರು ಎಲ್ಲಿಂದ ಬರ್ತದೆ ಅಂತ ಹುಡುಕುವ. ಸಿಗದಿದ್ದರೆ ಕಾರು ನಾನೇ ವಾಪಸ್ ತಗೊಳ್ತೇನೆ. ಇದು ನನ್ನ ಮಾತು."

"ನಿಮ್ಮ ಮಾತನ್ನು ಒಮ್ಮೆ ನಂಬಿ ಆಯ್ತು!"

ಅವಳು ಹೊರಗೆ ನಡೆದಳು. ಹಿಂದಿನಿಂದ ಯಾರೋ ಒಬ್ಬರು, "ಎಂತ ಮನ್ವಿತಾ, ಕಾರಿನ ಜೊತೆ ಮೀನು ಫ್ರೀ ಕೊಟ್ಟಿದ್ದಿಯಾ?" ಎಂದರು. ಹೋಟೆಲೇ ನಕ್ಕಿತು. ಮನ್ವಿತ್ ಮಾತ್ರ ಮೇಜು ಒರೆಸುತ್ತಿದ್ದ.

* * *

ಮಡಂತ್ಯಾರಿನ ಹತ್ತಿರದ ಮನೆಗೆ ಮರಳುವ ದಾರಿಯುದ್ದಕ್ಕೂ ಮೋಕ್ಷಿತಾಳ ಸಿಟ್ಟು ಕಾರಿನ ಮೇಲಿರಲಿಲ್ಲ. ತನ್ನ ಮೇಲೆಯೇ ಇತ್ತು.

ಚೌತಿಗೆ ಮೊದಲು ಈ ಕಾರು ನೋಡಲು ಅವಳು ಒಬ್ಬಳೇ ಹೋಗಿದ್ದಳು. ದೋಹಾದಲ್ಲಿರುವ ಅಣ್ಣ ಜಯಪ್ರಕಾಶ್ ಬೇಡವೆಂದಿದ್ದ. "ಹೊಳೆಬದಿಯ ಪೇಟೆ ಅದು. ಈ ಮಳೆಗಾಲದಲ್ಲಿ ಅಲ್ಲಿ ನೆರೆ ಬಂದಿದೆ. ನಿನಗೆ ಕಾರು ನೋಡಲು ಗೊತ್ತುಂಟಾ? ನಾನು ರಜೆಯಲ್ಲಿ ಬಂದಾಗ ನೋಡುವ."

ನಿಜ, ಅವಳಿಗೆ ಇಂಜಿನ್ ಗೊತ್ತಿರಲಿಲ್ಲ. ಆದರೆ ಜನ ಗೊತ್ತು ಎಂದುಕೊಂಡಿದ್ದಳು. ಮದುಮಗಳ ಮುಖಕ್ಕೆ ಬಣ್ಣ ಹಚ್ಚುವವಳಿಗೆ ಅಷ್ಟು ಗೊತ್ತಿರುತ್ತದೆ. ಬೆಳಗ್ಗೆಯಿಂದ ನಗುತ್ತಿರುವ ಹುಡುಗಿಯ ಕೆನ್ನೆ ಮುಟ್ಟಿದ ಕೂಡಲೇ ಅವಳು ರಾತ್ರಿಯೆಲ್ಲ ಅತ್ತದ್ದು ತಿಳಿದುಬಿಡುತ್ತದೆ.

ಅಂದು ಅವಳು ಮನ್ವಿತನನ್ನು ನೇರ ಕೇಳಿದ್ದಳು. "ನೆರೆಯ ನೀರು ಕಾರಿಗೆ ನುಗ್ಗಿದೆಯಾ?"

ಅವನು ಕಣ್ಣು ತಪ್ಪಿಸದೆ ಇಲ್ಲ ಎಂದಿದ್ದ. ಹೋಟೆಲಿಗೆ ಸಾಮಾನು ತರಲು ಪಿಕಪ್ ತಗೊಂಡದ್ದಕ್ಕೆ ಕಾರು ಮಾರುತ್ತಿದ್ದೇನೆ ಎಂದಿದ್ದ. ಕೊನೆಗೆ ಬೀಗದ ಕೈ ಕೊಡುವಾಗ, "ಒಳ್ಳೆ ಕಾರು, ಚೆನ್ನಾಗಿ ನೋಡಿಕೊಳ್ಳಿ" ಎಂದವನ ಸ್ವರದಲ್ಲಿ ಮನೆಯ ಕರುವನ್ನು ಕೊಡುವವನ ಸಂಕಟವಿತ್ತು. ಆ ಸ್ವರ ಅವಳ ಕಿವಿಯಲ್ಲಿ ಬಹಳ ದಿನ ಉಳಿದಿತ್ತು. ಒಬ್ಬಳೇ ಕಾರು ಓಡಿಸುವಾಗ ಕಾರಣವಿಲ್ಲದೆ ನಗು ಬರುತ್ತಿತ್ತು...

ದೀಪಾವಳಿ ಕಳೆದು ಸಂಜೆಯ ಗುಡುಗು ಮಳೆ ಶುರುವಾದ ಮೇಲೆ ಕಾರಿನೊಳಗೆ ನೀರು ಕಾಣಿಸಿತು. ಊರಿನ ಕಾರು ಬ್ರೋಕರ್ ಧರ್ಣಪ್ಪಣ್ಣ ಮೂಸಿ ನೋಡಿ ತೀರ್ಪು ಕೊಟ್ಟರು. "ಇದು ಮುಳುಗಿದ ಗಾಡಿ ಮಾರಾಯ್ತಿ. ನನ್ನ ಹತ್ತಿರ ಕೇಳಬೇಕಿತ್ತು."

ಅಣ್ಣನಿಗೂ ಸುದ್ದಿ ಮುಟ್ಟಿತು. ಇಂದು ಅವಳು ಮನೆ ಮುಟ್ಟಿದ ಕೂಡಲೇ ಅವನ ಫೋನ್ ಬಂತು.

"ಮೋಕ್ಷೀ, ಬರುವ ಸೋಮವಾರ ನಾನು ಬರ್ತೇನೆ. ಬಂದ ಕೂಡಲೇ ಆ ಕಾರು ಮಾರುವ. ಇನ್ನು ಒಬ್ಬಳೇ ಇಂಥದ್ದಕ್ಕೆಲ್ಲ ಕೈ ಹಾಕಬೇಡ, ಆಯ್ತಾ?"

ಅಣ್ಣ ಬೈದಿದ್ದರೂ ತಡೆದುಕೊಳ್ಳುತ್ತಿದ್ದಳೇನೋ. ಅವನ ಸ್ವರದಲ್ಲಿ ಕನಿಕರವಿತ್ತು. ಅದೇ ಚುಚ್ಚಿತು.

ಕಾರು ಹೋದರೆ ಇನ್ನೊಂದು ಬಂದೀತು. ಆದರೆ ಅವನು ಸುಳ್ಳು ಹೇಳಿದ್ದಾನೆ ಎಂದಾದರೆ... ತನ್ನ ಕಣ್ಣನ್ನು ತಾನು ಇನ್ನೆಂದೂ ನಂಬುವ ಹಾಗಿಲ್ಲ!

'ನಾಳೆ ಬರಲಿ,' ಎಂದುಕೊಂಡಳು. 'ಹುಡುಕಲಿ. ನಾನೂ ನೋಡ್ತೇನೆ. ಕಾರನ್ನೂ, ಅವನನ್ನೂ.'

* * *

ಮಾರನೆಯ ದಿನ ಬಿಸಿಲು ನೆತ್ತಿಗೇರುವಾಗ ಪಿಕಪ್ ಬಂತು. ಮನ್ವಿತನ ಕೈಯಲ್ಲಿ ಒಂದು ಟಾರ್ಚು, ಸ್ಪ್ಯಾನರಿನ ಚೀಲ, ಬಾಳೆಎಲೆಯಲ್ಲಿ ಕಟ್ಟಿದ ಬನ್ಸ್.

ಮೋಕ್ಷಿತಾಳ ಅಮ್ಮ ಪೂವಮ್ಮ ಬನ್ಸಿನ ಕಟ್ಟು ಬಿಡಿಸಿ ಮೂಸಿದರು. "ಎಣ್ಣೆ ಒಳ್ಳೆಯದು ಹಾಕಿದ್ದಾನೆ," ಎಂದು ಮಗಳ ಕಿವಿಯಲ್ಲಿ ಹೇಳಿದರು.

"ಅಮ್ಮಾ! ಅವರು ಜಗಳಕ್ಕೆ ಬಂದದ್ದು!"

"ಜಗಳಕ್ಕೆ ಬರುವವ ಬನ್ಸ್ ತರ್ತಾನಾ?"

ಕಾರಿನೊಳಗಿನ ಮ್ಯಾಟು, ಅದರಡಿಯ ಸ್ಪಂಜು, ಎಲ್ಲವೂ ಹೊರಗೆ ಬಂತು. ಅಂಗಳದ ಸರಿಗೆ ತಂತಿಯಲ್ಲಿ ಒಣಗುತ್ತಿದ್ದ ರಬ್ಬರ್ ಶೀಟುಗಳ ಪಕ್ಕ ಅವೂ ನೇತಾಡಿದವು. ಹಳೆ ಬೈರಾಸು ಟವೆಲಿನಿಂದ ಮೋಕ್ಷಿತಾ ಕಾರಿನ ತಳವನ್ನು ಒರೆಸಿ ಒಣಗಿಸಿದಳು.

"ನಿಮಗೆ ಕಾರಿನ ಕೆಲಸ ಬರ್ತದಾ?" ಅವಳು ಬಿಗಿಯಾಗಿ ಕೇಳಿದಳು.

"ಇಲ್ಲ. ಆದ್ರೆ ಹೋಟೆಲಿನ ಮಾಡು ಪ್ರತಿ ವರ್ಷ ಸೋರ್ತದೆ," ಅವನು ಪೈಪನ್ನು ನಳ್ಳಿಗೆ ಸಿಕ್ಕಿಸುತ್ತ ಹೇಳಿದ. "ಎಲ್ಲ ಕಡೆ ಒಟ್ಟಿಗೆ ನೀರು ಹೊಯ್ದರೆ ಎಲ್ಲಿಂದ ಬರ್ತದೆ ಅಂತ ದೇವರಿಗೂ ಗೊತ್ತಾಗುವುದಿಲ್ಲ. ಕೆಳಗಿನಿಂದ ಶುರು ಮಾಡುವ. ಒಂದೊಂದೇ ಜಾಗ. ನಾನು ಹೊರಗೆ ನೀರು ಬಿಡ್ತೇನೆ, ನೀವು ಒಳಗೆ ಕೂತು ನೋಡಿ."

"ನಾನೇ ಯಾಕೆ ಒಳಗೆ?"

"ನಾನು ಒಳಗೆ ಕೂತು ನೀರು ಬರಲಿಲ್ಲ ಅಂದ್ರೆ ನೀವು ನಂಬ್ತೀರಾ?"

 ಕಾರಿನೊಳಗೆ ಕೂತವಳು ಒಂದು ಕ್ಷಣ ಯೋಚಿಸಿ ಮತ್ತೆ ಹೊರಗೆ ಬಂದು, ಮನೆಯೊಳಗೆ ಓಡಿ ತನ್ನ ಮೇಕಪ್ ಪೆಟ್ಟಿಗೆಯಿಂದ ಪೌಡರ್ ಡಬ್ಬಿ ತಂದಳು. ಕಾಲಿಡುವ ಜಾಗಕ್ಕೆಲ್ಲ ದಪ್ಪ ಬ್ರಷ್‌ನಿಂದ ತೆಳುವಾಗಿ ಪೌಡರ್ ಉದುರಿಸಿದಳು.

"ಇದೆಂತ, ಕಾರಿಗೆ ಮೇಕಪ್ಪಾ?"

"ಬೆವರು ಎಲ್ಲಿಂದ ಇಳಿಯಿತು ಅಂತ ಪೌಡರಿನ ಮೇಲೆ ಗೆರೆ ಕಾಣ್ತದೆ. ಸಾವಿರ ಮುಖ ನೋಡಿದ್ದೇನೆ ನಾನು. ಕಾರು ಯಾವ ಲೆಕ್ಕ?"

ಮನ್ವಿತನ ಕಣ್ಣಲ್ಲಿ ಮೆಚ್ಚುಗೆ ಮಿಂಚಿತು. ಅದನ್ನು ಕಂಡೂ ಕಾಣದವಳಂತೆ ಅವಳು ಬಾಗಿಲು ಹಾಕಿಕೊಂಡಳು.

ಮೊದಲು ಅವಳು ಇಂಜಿನ್ ಚಾಲೂ ಮಾಡಿ ಎಸಿ ಓಡಿಸಿದಳು. ಎಸಿಯ ನೀರು ಕಾರಿನ ಅಡಿಯಿಂದ ಸರಿಯಾಗಿ ಹೊರಗೆ ತೊಟ್ಟಿಕ್ಕಿತು. ಒಳಗೆ ಒಣ! ಎಸಿಯ ತಪ್ಪಲ್ಲ.

ಇಂಜಿನ್ ನಿಲ್ಲಿಸಿ ಬಾಗಿಲುಗಳ ಅಡಿಗೆ ನೀರು ಬಿಟ್ಟರು. ಒಣ. ಬಾಗಿಲಿನ ರಬ್ಬರಿಗೆ ಬಿಟ್ಟರು. ಅಲ್ಲೂ ಒಣ.

ಗಾಜು ಮುಚ್ಚಿದ್ದರಿಂದ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಅವನು ಹೊರಗಿನಿಂದ ಕೈ ಆಡಿಸಿ 'ಬಂತಾ?' ಎಂದು ಕೇಳುವುದು, ಇವಳು ಒಳಗಿನಿಂದ ತಲೆಯಾಡಿಸುವುದು. ಗಾಜಿನ ಮೇಲೆ ನೀರು ಹರಿಯುವಾಗ ಅವನ ಮುಖ ಒಮ್ಮೆ ಉದ್ದವಾಗಿ, ಒಮ್ಮೆ ಅಗಲವಾಗಿ ಕಾಣುತ್ತಿತ್ತು. ಮೋಕ್ಷಿತಾ ತುಟಿ ಕಚ್ಚಿ ನಗು ತಡೆದಳು.

'ನಗಬಾರದು! ಇವನು ಸುಳ್ಳುಗಾರ ಇರಬಹುದು...'

ಅಷ್ಟರಲ್ಲಿ ಪೈಪು ಕೈತಪ್ಪಿ ಅವನ ಮುಖಕ್ಕೇ ಹಾರಿತು! ಬಿಸಿಲಲ್ಲಿ ನೆನೆದ ಕೋಳಿಯಂತೆ ಕಣ್ಣು ಪಿಳುಕಿಸಿದ. ಜಗಲಿಯಲ್ಲಿದ್ದ ಪೂವಮ್ಮ ಗಹಗಹಿಸಿದರು. ಮೋಕ್ಷಿತಾಳಿಗೂ ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು.

ಗಾಜಿನಾಚೆ ಅವನು ಆ ನಗುವನ್ನೇ ನೋಡುತ್ತ ನಿಂತ. ಪೈಪಿನ ನೀರು ಅವನ ಚಪ್ಪಲಿಯ ಮೇಲೆ ಸುರಿಯುತ್ತಲೇ ಇತ್ತು.

"ನೀರು ಕಾರಿಗೆ ಬಿಡು ಮಗಾ!" ಪೂವಮ್ಮ ಕೂಗಿದರು.

ಅವನು ಗಡಿಬಿಡಿಯಲ್ಲಿ ಪೈಪನ್ನು ಮುಂದಿನ ಗಾಜಿನ ಬುಡಕ್ಕೆ, ವೈಪರ್ ಇರುವ ಕಪ್ಪು ಜಾಲರಿಯ ಮೇಲೆ ಹಿಡಿದ.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ...

ಎಡಬದಿಯ ಸೀಟಿನ ಮುಂದೆ, ಪೌಡರಿನ ಮೇಲೆ, ಒಂದು ಸಣ್ಣ ಗೆರೆ. ಹುಳು ಹರಿದ ಹಾಗೆ. ಅವಳು ಟಾರ್ಚು ಹಿಡಿದು ತಲೆ ಬಗ್ಗಿಸಿದಳು. ಗೆರೆ ಮೇಲಕ್ಕೆ, ಮೇಲಕ್ಕೆ... ಎಸಿಯ ಗಾಳಿ ಬೀಸುವ ಪೆಟ್ಟಿಗೆಯ ಕಡೆಯಿಂದ ಹನಿಯ ಹಿಂದೆ ಹನಿ!

"ಬಂತು! ಬಂತು! ಬಂತು!"

ಅವಳು ಬಾಗಿಲು ತೆರೆದು ಹೊರಗೆ ಹಾರಿದಳು. ಜಗಳ, ಸಿಟ್ಟು ಯಾವುದೂ ನೆನಪಿರಲಿಲ್ಲ. ಅವನ ಒದ್ದೆ ತೋಳು ಹಿಡಿದು ಎಳೆದಳು. "ಇಲ್ಲಿ ನೋಡಿ! ಗಾಜಿನ ಅಡಿಯಿಂದ! ನೆರೆಯ ನೀರು ಅಲ್ಲ ಇದು, ಈಗ ನಾವು ಬಿಟ್ಟ ನೀರೇ!"

ಆಮೇಲೆ ತೋಳು ಹಿಡಿದದ್ದು ನೆನಪಾಗಿ ಕೈ ಬಿಟ್ಟಳು. ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

"ಜಾಲರಿ ತೆಗೆದು ನೋಡುವ," ಮನ್ವಿತ್ ಸ್ಪ್ಯಾನರಿನ ಚೀಲ ಬಿಚ್ಚಿದ.

ಫೋನಿನಲ್ಲಿ ಒಂದು ವಿಡಿಯೋ ಹಾಕಿ ಇಬ್ಬರೂ ನೋಡಿದರು. ವೈಪರಿನ ನಟ್ಟು ಬಿಚ್ಚಬೇಕು, ಆಮೇಲೆ ಕ್ಲಿಪ್ಪುಗಳು. ವೈಪರಿನ ಬುಡದಲ್ಲಿ ಬಾಳೆನಾರಿನ ಗಂಟೊಂದು ಗಟ್ಟಿಯಾಗಿ ಕೂತಿತ್ತು. ಅದನ್ನು ಕತ್ತರಿಸಿ, ಕಪ್ಪು ಜಾಲರಿಯನ್ನು ನಿಧಾನವಾಗಿ ಮೇಲೆತ್ತಿದ.

ಎತ್ತಿದವನು ಹಾಗೆಯೇ ನಿಂತ.

"ಎಂತ? ಇಲಿಯಾ?" ಮೋಕ್ಷಿತಾ ಹಿಂದೆ ಸರಿದಳು.

"ಇಲಿ ಅಲ್ಲ... ಗದ್ದೆ."

ಗಾಜಿನ ಬುಡದ ತೊಟ್ಟಿಯಂಥ ಜಾಗದಲ್ಲಿ ನೀರು ನಿಂತಿತ್ತು. ಕೊಳೆತ ಮಾವಿನೆಲೆ, ಹಲಸಿನೆಲೆ, ಮಣ್ಣು. ಅದರ ನಡುವೆ, ಹೊರಗಿನ ಬೆಳಕು ಕಂಡ ಕೂಡಲೇ ಹೊಳೆದದ್ದು, ಬೆರಳುದ್ದದ ಎಳೆ ಹಸಿರು ನೇಜಿ, ಭತ್ತದ ಸಸಿ! ನೀರು ಹೊರಹೋಗುವ ತೂತನ್ನು ಅದರ ಬೇರು ಪೂರ್ತಿ ಹೆಣೆದು ಮುಚ್ಚಿತ್ತು. ಹೋಗಲು ದಾರಿಯಿಲ್ಲದ ನೀರು ತುಂಬಿ, ಗಾಳಿಯ ತೂತಿನಿಂದ ಕಾರಿನೊಳಗೆ ಇಳಿಯುತ್ತಿತ್ತು.

ಮೋಕ್ಷಿತಾ ನಿಧಾನವಾಗಿ ತಿರುಗಿದಳು. "ಅಮ್ಮಾ..."

ಪೂವಮ್ಮ ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಿದ್ದರು.

ನವರಾತ್ರಿಯಲ್ಲಿ ಹೊಸ ಭತ್ತದ ತೆನೆಯನ್ನು ಮನೆ ತುಂಬಿಸಿಕೊಳ್ಳುವುದು ಈ ಕಡೆಯ ಎಲ್ಲ ಮನೆಗಳ ಕ್ರಮ. ಎಲೆಗಳ ಜೊತೆ ತೆನೆಯನ್ನು ನಾರಿನಿಂದ ಕಟ್ಟಿ ಕಂಬಕ್ಕೆ, ಬಾವಿಗೆ, ಅಕ್ಕಿಯ ಮಡಕೆಗೆ ಕಟ್ಟುತ್ತಾರೆ. ಗಾಡಿಗಳಿಗೂ ಕಟ್ಟುತ್ತಾರೆ. ಬೇರೆಯವರು ಮುಂದಿನ ಬಂಪರಿಗೆ ಒಂದು ತೆನೆ ಕಟ್ಟಿದರೆ ಪೂವಮ್ಮನಿಗೆ ಸಾಕಾಗಲಿಲ್ಲ. ಮಗಳು ದುಡಿದು ತಂದ ಕಾರಲ್ಲವೇ? ಎರಡೂ ವೈಪರಿಗೆ ಮುಷ್ಟಿ ತುಂಬ ಕಟ್ಟಿದ್ದರು. ಒಣಗಿದ ಕಾಳು, ಎಲೆ ಎಲ್ಲವೂ ಜಾಲರಿಯ ಸಂದಿಯಿಂದ ಒಳಗೆ ಉದುರಿತ್ತು.

"ನನಗೆಂತ ಗೊತ್ತು ಅಲ್ಲಿ ಬೇಸಾಯ ಆಗ್ತದೆ ಅಂತ!" ಪೂವಮ್ಮ ಅಳುವುದೋ ನಗುವುದೋ ತಿಳಿಯದೆ ಹೇಳಿದರು. "ಕಾರಿಗೆ ಕಣ್ಣು ಬೀಳಬಾರದು ಅಂತ ಕಟ್ಟಿದ್ದು..."

ಮನ್ವಿತ್ ನಗಲಿಲ್ಲ. "ಪ್ರೀತಿಯಲ್ಲಿ ಕಟ್ಟಿದ್ದಲ್ವಾ ಅಮ್ಮ, ಅದಕ್ಕೇ ಮೊಳೆತದ್ದು," ಎಂದ.

ಅವನು ಕೈಯಲ್ಲೇ ಕಸ ಬಾಚಿ ತೆಗೆದ. ಮೋಕ್ಷಿತಾ ಸರಿಗೆ ತಂತಿಯ ತುಂಡು ತಂದು ತೂತಿಗೆ ಚುಚ್ಚಿದಳು. ಒಮ್ಮೆ... ಎರಡು ಸಲ... ಗಳಗಳನೆ ನೀರು ಚಕ್ರದ ಹಿಂದಿನಿಂದ ಅಂಗಳಕ್ಕೆ ಸುರಿಯಿತು. ಮತ್ತೆ ಪೈಪು ಬಿಟ್ಟು ನೋಡಿದರು. ಹೊಯ್ದ ನೀರೆಲ್ಲ ಹೊರಗೇ ಹೋಯಿತು. ಒಳಗಿನ ಹೊಸ ಪೌಡರಿನ ಮೇಲೆ ಒಂದು ಗೆರೆಯೂ ಮೂಡಲಿಲ್ಲ.

ಮೋಕ್ಷಿತಾ ನಳ್ಳಿ ತಿರುಗಿಸಿ ನೀರು ನಿಲ್ಲಿಸಿದಳು. "ನನ್ನದು ತಪ್ಪಾಯ್ತು. ನಮ್ಮ ಮನೆಯದ್ದೇ ಕೆಲಸಕ್ಕೆ ನಿಮ್ಮನ್ನು..."

"ಬಿಡಿ."

"ಆದ್ರೆ ಒಂದು ಹೇಳಿ. ಜುಲೈಕಾಕ್ಕ ಹೇಳಲು ಬಂದದ್ದನ್ನು ಯಾಕೆ ತಡೆದ್ರಿ? ಆ ಬಿಳಿ ಕೂದಲು ಯಾರದ್ದು?"

ಮನ್ವಿತ್ ಕೈಯ ಮಣ್ಣನ್ನೇ ನೋಡಿದ.

"ಆಡಿನದ್ದು."

"ಎಂತ?!"

"ನೆರೆಯ ದಿನ ಜುಲೈಕಾಕ್ಕನ ಅಂಗಳಕ್ಕೆ ನೀರು ಬಂತು. ಅವರ ಆಡುಗಳನ್ನು ಕಾರಿಗೆ ಹತ್ತಿಸಿಕೊಂಡು ಗುಡ್ಡದ ಮೇಲೆ ಹೋದೆ. ಅದರಲ್ಲಿ ಒಂದು... ಹಿಂದಿನ ಸೀಟಿನಲ್ಲೇ ಮರಿ ಹಾಕಿತು."

ಮೋಕ್ಷಿತಾ ಕಾರಿನ ಹಿಂದಿನ ಬಾಗಿಲು ತೆರೆದು ಸೀಟನ್ನು ನೋಡಿದಳು.

"ನನ್ನ ಕಾರಿನಲ್ಲಿ ಹೆರಿಗೆ ಆಗಿದೆಯಾ?!"

"ಅವಳಿ," ಅವನು ತಪ್ಪಿತಸ್ಥನಂತೆ ಹೇಳಿದ. "ಆಮೇಲೆ ಎಷ್ಟು ಸಲ ತೊಳೆದೆ ಅಂತ ಲೆಕ್ಕ ಇಲ್ಲ. ಬಿಸಿಲಿಗೆ ವಾಸನೆ ಹೋಗಿತ್ತು. ಈಗ ಒದ್ದೆಯಾಗಿ ಮತ್ತೆ ಎದ್ದದ್ದು. ಮಾರುವಾಗಲೇ ಹೇಳಬೇಕಿತ್ತು, ಧೈರ್ಯ ಬರಲಿಲ್ಲ. ನಿನ್ನೆ ಹೇಳುವ ಅಂತಲೇ ಬಾಯಿ ತೆರೆದೆ. ಆದ್ರೆ ಅಷ್ಟು ಜನರ ಎದುರು... ಆಡು ಹೆತ್ತ ಕಾರು ಅಂತ ಪೇಟೆಗೆಲ್ಲ ಗೊತ್ತಾದರೆ, ನಾಳೆ ಯಾವ ಮದುಮಗಳ ಅಮ್ಮ ನಿಮ್ಮ ಕಾರಿನಲ್ಲಿ ಸೀರೆ ಇಡಲು ಒಪ್ತಾರೆ? ನಿಮ್ಮ ಕೆಲಸಕ್ಕೆ ಪೆಟ್ಟು ಬೀಳ್ತದೆ ಅಂತ ಸುಮ್ಮನಾದೆ."

ಮೋಕ್ಷಿತಾ ಅವನನ್ನೇ ನೋಡಿದಳು.

'ನನ್ನ ಹೆಸರು ಉಳಿಸಲು ತನ್ನ ಹೆಸರು ಕೆಡಿಸಿಕೊಂಡನೇ?'

ಅವಳು ಮಾತು ಹುಡುಕುವಷ್ಟರಲ್ಲಿ ಅವನು ಸ್ಪ್ಯಾನರಿನ ಚೀಲ ಎತ್ತಿಕೊಂಡ. "ಮ್ಯಾಟು ಪೂರ್ತಿ ಒಣಗಿದ ಮೇಲೆ ಹಾಕಿ. ತೆನೆ ಇನ್ನು ಬಂಪರಿಗೆ ಕಟ್ಟಿ ಅಮ್ಮ. ಬರ್ತೇನೆ."

ಪಿಕಪ್ ತಿರುವು ದಾಟುವವರೆಗೂ ಅವಳು ಅಂಗಳದಲ್ಲೇ ನಿಂತಿದ್ದಳು.

"ಹೋದ ಮೇಲೆ ನೋಡಿ ಎಂತ ಪ್ರಯೋಜನ?" ಒಳಗಿನಿಂದ ಪೂವಮ್ಮನ ಸ್ವರ ಬಂತು.

* * *

ಭಾನುವಾರ ಮೂಡುಬಿದಿರೆಯಲ್ಲಿ ಮದುವೆ. ಬಿಳಿ ಕಾರಿನ ಹಿಂದಿನ ಸೀಟಿನಲ್ಲಿ ಸೀರೆಯ ಪೆಟ್ಟಿಗೆಗಳು ಬೆಚ್ಚಗೆ ಕೂತು ಹೋದವು. ಬೆಳಗಿನ ಜಡಿಮಳೆಗೂ ಒಳಗೆ ಒಂದು ಹನಿ ಇಳಿಯಲಿಲ್ಲ.

ಮದುಮಗಳಿಗೆ ಸೀರೆಯ ನೆರಿಗೆ ಹಿಡಿಯುವಾಗ ಜುಲೈಕಾಕ್ಕನ ಫೋನು ಬಂತು. ಮನ್ವಿತನ ಫೋನಿನಿಂದ ಹೇಗೋ ನಂಬರು ತೆಗೆದಿದ್ದರು.

"ಮಗಳೇ, ಕಾರು ಸರಿಯಾಯ್ತಂತೆ, ಸಂತೋಷ. ಆದ್ರೆ ಇಲ್ಲಿ ಜನ ಅವನನ್ನು ಬಿಡ್ತಾ ಇಲ್ಲ. ಮೊನ್ನೆಯಿಂದ ಎಲ್ಲ 'ಮುಳುಗಿದ ಕಾರು' ಅಂತಲೇ ಕರೆಯುವುದು. ಇವ ಒಂದು ಮಾತು ವಾಪಸ್ ಹೇಳುವುದಿಲ್ಲ. ನನ್ನ ಆಡಿಗೋಸ್ಕರ ಈ ಹುಡುಗ ಯಾಕೆ ಕೇಳಿಸಿಕೊಳ್ಬೇಕು, ನೀನೇ ಹೇಳು!"

ಮೋಕ್ಷಿತಾಳ ಕೈಯಿಂದ ನೆರಿಗೆ ಜಾರಿತು.

"ಎಂತಾಯ್ತು ಅಕ್ಕ?" ಮದುಮಗಳು ಕೇಳಿದಳು.

"ಒಬ್ಬರ ಹತ್ತಿರ ಒಂದು ಮಾತು ಹೇಳುವುದು ಬಾಕಿ ಉಂಟು."

ಮದುಮಗಳು ಕನ್ನಡಿಯಲ್ಲಿ ಅವಳ ಮುಖವನ್ನು ನೋಡಿ ನಕ್ಕಳು. "ಬೇಗ ಹೇಳಿ ಅಕ್ಕ. ನೀವು ಬಣ್ಣ ಹಚ್ಚದೆಯೇ ಕೆಂಪಾಗಿದ್ದೀರಿ!"

ಮುಹೂರ್ತ ಮುಗಿದದ್ದೇ ತಡ, ಊಟಕ್ಕೂ ನಿಲ್ಲದೆ ಅವಳು ಹೊರಟಳು. ಸಿದ್ಧಕಟ್ಟೆ ದಾಟುವಾಗ ಅಣ್ಣನಿಗೆ ಫೋನ್ ಮಾಡಲೆಂದು ಬದಿಗೆ ನಿಲ್ಲಿಸಿದಳು.

"ಅಣ್ಣಾ, ಕಾರು ಮಾರುವುದಿಲ್ಲ."

"ಮೋಕ್ಷೀ, ಹಟ ಮಾಡಬೇಡ..."

"ಹಟ ಅಲ್ಲ. ನೀರು ಎಲ್ಲಿಂದ ಬಂತು ಅಂತ ನಾನೇ ಒಳಗೆ ಕೂತು ಹುಡುಕಿದ್ದೇನೆ. ನಾನೇ ಸರಿ ಮಾಡಿದ್ದೇನೆ. ನನ್ನ ಕಣ್ಣು ಸರಿಯಾಗಿಯೇ ನೋಡಿತ್ತು ಅಣ್ಣಾ. ಕಾರನ್ನೂ ಸರಿಯಾಗಿ ನೋಡಿತ್ತು... ಬೇರೆಯದ್ದನ್ನೂ."

"ಬೇರೆಯದ್ದು ಅಂದ್ರೆ?"

"ನೀನು ಬಂದ ಮೇಲೆ ಹೇಳ್ತೇನೆ!"

* * *

ಹೋಟೆಲು ಅಂದೂ ತುಂಬಿತ್ತು. ಮದುವೆಗೆಂದು ಉಟ್ಟ ಸೀರೆಯಲ್ಲೇ ಬಂದು ಬಾಗಿಲಲ್ಲಿ ನಿಂತವಳನ್ನು ಕಂಡು ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಬಾಣಲೆಯ ಹತ್ತಿರ ಮನ್ವಿತನ ಕೈಯೂ ನಿಂತಿತು.

ಮೋಕ್ಷಿತಾ ಒಳಗೆ ಬಂದು ಕ್ಯಾಶ್ ಮೇಜಿನ ಹತ್ತಿರ ನಿಂತಳು. ಬೈಯುವುದು ಎಷ್ಟು ಸುಲಭವಾಗಿತ್ತು!

"ಮೊನ್ನೆ ನಾನು ಇಲ್ಲಿ ಬೊಬ್ಬೆ ಹಾಕಿದ್ದನ್ನು ನೀವೆಲ್ಲ ಕೇಳಿದ್ದೀರಿ. ಇವತ್ತಿನದ್ದನ್ನೂ ಕೇಳಬೇಕು. ಕಾರು ನೆರೆಯಲ್ಲಿ ಮುಳುಗಿರಲಿಲ್ಲ. ನಮ್ಮ ಮನೆಯಲ್ಲಿ ವೈಪರಿಗೆ ತೆನೆ ಕಟ್ಟಿದ್ದು. ಅದು ಒಳಗೆ ಬಿದ್ದು ಮೊಳೆತು ನೀರಿನ ದಾರಿ ಮುಚ್ಚಿತ್ತು. ಇವರು ನನಗೆ ಹೇಳಿದ್ದು ನಿಜ. ಸುಳ್ಳಾದದ್ದು ನನ್ನ ಮಾತು. ಎಲ್ಲರ ಎದುರು ಅವಮಾನ ಮಾಡಿದ್ದೆ, ಎಲ್ಲರ ಎದುರೇ ಕ್ಷಮೆ ಕೇಳ್ತೇನೆ."

ಹೋಟೆಲಿನಲ್ಲಿ ಪಿಸುಮಾತು ಹಬ್ಬಿತು. ಮೊನ್ನೆ ಮೀನಿನ ಮಾತಾಡಿದ್ದ ಮೂಲೆಯ ಬೆಂಚಿನವರು ಬಿಡಲಿಲ್ಲ. "ಅದು ಸರಿ ಮಾರಾಯ್ತಿ. ವಾಸನೆ ಬರ್ತದೆ ಅಂದಿಯಲ್ಲ, ಅದು ಎಂತದ್ದು ಹಾಗಾದ್ರೆ?"

ಮನ್ವಿತ್ ಬೇಡ ಎಂದು ತಲೆಯಾಡಿಸಿದ. ಅವಳು ಅವನನ್ನು ನೋಡಿಕೊಂಡೇ ಹೇಳಿದಳು.

"ಆಡಿನದ್ದು! ನೆರೆಯ ದಿನ ನೀವೆಲ್ಲ ಮನೆಯ ಸಾಮಾನು ಮೇಲೆ ಏರಿಸುವಾಗ ಇವರು ಜುಲೈಕಾಕ್ಕನ ಆಡುಗಳನ್ನು ಆ ಕಾರಿನಲ್ಲಿ ಗುಡ್ಡಕ್ಕೆ ಏರಿಸಿದ್ದಾರೆ. ನನ್ನ ಕಾರಿನಲ್ಲಿ ಅವಳಿ ಮರಿ ಹುಟ್ಟಿದೆ. ಮದುಮಗಳ ಸೀರೆ ಒಯ್ಯುವ ಕಾರು ಅದು. ಇದನ್ನು ಕೇಳಿ ಯಾರಾದರೂ ನನ್ನನ್ನು ಕರೆಯುವುದಿಲ್ಲ ಅಂದ್ರೆ ಬೇಡ!"

 ಮರುಕ್ಷಣ ಹೋಟೆಲಿನ ಮಾಡು ಹಾರುವಷ್ಟು ನಗು!

ಹಾಲಿನ ಕ್ಯಾನಿನ ಪಕ್ಕ ನಿಂತಿದ್ದ ಜುಲೈಕಾಕ್ಕ ಕಣ್ಣೊರೆಸಿಕೊಂಡರು. ಬನ್ಸ್ ಕಟ್ಟಿಸಿಕೊಳ್ಳುತ್ತಿದ್ದ ಹೆಂಗಸೊಬ್ಬರು, "ಅವಳಿ ಹುಟ್ಟಿದ ಕಾರು ಅಂದ್ರೆ ಶುಭವೇ ಮಗಾ. ನನ್ನ ಮಗಳ ಮದುವೆ ಮೇ ತಿಂಗಳಲ್ಲಿ ಉಂಟು, ನಿನ್ನ ನಂಬರು ಕೊಡು," ಎಂದರು. ಮೂಲೆಯ ಬೆಂಚಿನವರು ಎದ್ದು, "ಮನ್ವಿತಾ, ನನ್ನ ಬಾಯಿ ಸ್ವಲ್ಪ ಉದ್ದ. ಮನಸ್ಸಿಗೆ ಹಾಕ್ಕೊಬೇಡ," ಎಂದು ತೋಳು ತಟ್ಟಿದರು.

ಆ ಗದ್ದಲದಲ್ಲಿ ಗೋಳಿಬಜೆ ಕರಿದು ಕಪ್ಪಾದದ್ದು ಯಾರಿಗೂ ಗೊತ್ತಾಗಲಿಲ್ಲ.

ಒಲೆ ಆರಿಸಿ ಮನ್ವಿತ್ ಹಿಂಬಾಗಿಲಿಗೆ ನಡೆದ. ಅವಳೂ ಹಿಂದೆಯೇ ಬಂದಳು. ಅಲ್ಲಿಂದ ಹೊಳೆ ಕಾಣುತ್ತಿತ್ತು, ಸಂಜೆಯ ಬಿಸಿಲಿನಲ್ಲಿ ತಣ್ಣಗೆ ಹರಿಯುತ್ತ.

"ಯಾಕೆ ಹೇಳಿದ್ರಿ?" ಅವನು ಕೇಳಿದ. "ನಿಮ್ಮ ಕೆಲಸಕ್ಕೆ ತೊಂದರೆ ಆಗಬಾರದು ಅಂತ ನಾನು..."

"ಗೊತ್ತುಂಟು. ನನಗೋಸ್ಕರ ನೀವು ಎಲ್ಲ ಕೇಳಿಸಿಕೊಳ್ಳಬಹುದು. ನಿಮಗೋಸ್ಕರ ನಾನು ಒಂದು ಮಾತು ಹೇಳಬಾರದಾ?"

ಅವನು ಹಿಟ್ಟು ಮೆತ್ತಿದ ಕೈಯನ್ನು ಬೈರಾಸಿಗೆ ಒರೆಸಿದ. ಮತ್ತೆ ಒರೆಸಿದ. ಒರೆಸಲು ಇನ್ನೇನೂ ಉಳಿದಿರಲಿಲ್ಲ.

"ನಾನು ಇನ್ನೊಂದು ತಪ್ಪು ಮಾಡಿದ್ದೇನೆ," ಎಂದ. "ಕಾರು ಕೊಟ್ಟ ಮೇಲೆ ದಿನಾ ದೇವರ ಹತ್ತಿರ ಕೇಳಿಕೊಳ್ತಿದ್ದೆ. ಆ ಕಾರಿಗೆ ಎಂತಾದರೂ ಸಣ್ಣದು ಆಗಲಿ ಅಂತ. ಒಂದು ಪಂಕ್ಚರ್, ಒಂದು ಬಲ್ಬು... ನೀವು ಒಮ್ಮೆ ಫೋನ್ ಮಾಡುವಷ್ಟು."

ಮೋಕ್ಷಿತಾ ಕಣ್ಣರಳಿಸಿದಳು. "ಅಂದ್ರೆ ಎಲ್ಲ ನಿಮ್ಮಿಂದಲೇ ಆದದ್ದು!"

"ನೀರು ಕೇಳಲಿಲ್ಲ. ದೇವರಾಣೆ!"

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿತು.

"ಆವತ್ತು ಕಾರು ತಗೊಂಡು ಹೋಗುವಾಗ," ಅವನು ಮೆಲ್ಲಗೆ ಕೇಳಿದ, "ಕನ್ನಡಿಯಲ್ಲಿ ಒಮ್ಮೆಯಾದರೂ ಹಿಂದೆ ನೋಡಿದ್ರಾ?"

"ನೋಡಿದೆ... ನೋಡಿ ನೋಡಿ ಮುಂದೆ ರಸ್ತೆಯ ಹಂಪು ಕಾಣಲಿಲ್ಲ. ತಲೆ ಕಾರಿನ ಮಾಡಿಗೆ ಹೊಡೆಯಿತು."

ಮನ್ವಿತ್ ಒಂದು ಹೆಜ್ಜೆ ಹತ್ತಿರ ಬಂದ. "ಮೋಕ್ಷಿತಾ... ನಾಳೆ ನಿಮ್ಮ ಅಮ್ಮನ ಹತ್ತಿರ ಮಾತಾಡಲು ಬರಲಾ?"

"ಎಂತ ಮಾತಾಡ್ತೀರಿ?"

"ನಿಮ್ಮ ಮಗಳನ್ನು ನನಗೆ ಕೊಡಿ ಅಂತ."

ಅವಳ ಕೆನ್ನೆ ಕೆಂಪಾಯಿತು. ಆದರೂ ಬಿಡಲಿಲ್ಲ. "ಅಮ್ಮ ನನ್ನನ್ನು ಕೇಳ್ತಾರೆ. ಹುಡುಗನನ್ನು ಸರಿಯಾಗಿ ನೋಡಿದ್ದಿಯಾ ಅಂತ."

"ನೀವೆಂತ ಹೇಳ್ತೀರಿ?"

ಮೋಕ್ಷಿತಾ ಅವನ ಒರೆಸಿ ಒರೆಸಿ ಕೆಂಪಾದ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ನೋಡಿದ್ದೇನೆ ಅಮ್ಮಾ, ಸಿಟ್ಟಿನಲ್ಲಿಯೂ ನೋಡಿದ್ದೇನೆ, ನಗುವಾಗಲೂ ನೋಡಿದ್ದೇನೆ. ಇನ್ನು ದಿನಾ ನೋಡಬೇಕು ಅಂತ ಆಸೆ ಆಗಿದೆ... ಅಂತ ಹೇಳ್ತೇನೆ. ಸಾಕಾ?"

"ಸಾಕು," ಎಂದ ಅವನು. ಆಮೇಲೆ ಅನುಮಾನ ಬಂದವನಂತೆ, "ಅಮ್ಮನಿಗೆ ಎಷ್ಟು ಬನ್ಸ್ ತರಲಿ?"

"ನಾಳೆಯೇ ಅಣ್ಣನೂ ಊರಿಗೆ ಬರ್ತಾನೆ. ಸ್ವಲ್ಪ ಜಾಸ್ತಿಯೇ ತನ್ನಿ!"